ಸಾಹೇಬರ ಗಾಳಿಬಲೆ

ಶನಿವಾರ ಸಾಯಂಕಾಲ ಕನಕರಾಜು ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಭಾನುವಾರ ಒಂದು ಹೊತ್ತಾದರೂ ಕಾಲು ಚಾಚಿ ಮಲಗಬಹುದಿತ್ತು. ವಾರಕ್ಕೆ ಅವನಿಗೆ ಸಿಗುವುದೇ ಅದೊಂದು ನಿದ್ದೆ. ಮನೆ ಹುಣಸೂರಿನಲ್ಲಿ, ಗುಮಾಸ್ತಿಕೆ ಸರಗೂರಿನಲ್ಲಿ. ಬೆಳಗ್ಗೆ ಆರೂವರೆಯ ಬಸ್ಸಿಗೆ ಎಚ್.ಡಿ. ಕೋಟೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಸರಗೂರು. ಸಾಯಂಕಾಲ ಮತ್ತೆ ಅದೇ ದಾರಿ, ಅದೇ ಧೂಳು. ದಿನಕ್ಕೆ ನಾಲ್ಕು ಬಸ್ಸು, ಹೀಗೆ ಆರು ವರ್ಷ. ಯಾರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೇನೆ ಎಂದು ನೋಡುವುದನ್ನೂ ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಈ ಸಲ ಮಾತ್ರ ದೇವರು ಕಣ್ಣು ಬಿಟ್ಟ ಹಾಗಿತ್ತು. ಹುಣಸೂರಿನ ಆಫೀಸಿನಲ್ಲಿ ಒಬ್ಬರು ನಿವೃತ್ತರಾಗುತ್ತಿದ್ದರು. ಆ ಜಾಗಕ್ಕೆ ಕನಕರಾಜುವನ್ನು ಹಾಕಿಕೊಳ್ಳಬಹುದೆಂದು ಬೆಂಗಳೂರಿನಿಂದ ಅನುಮತಿ ಪತ್ರವೂ ಬಂದಿತ್ತು. ಆದೇಶ ಟೈಪಾಗಿ ಫೈಲಿನಲ್ಲಿ ಕೂತಿತ್ತು. ಇನ್ನು ಬೇಕಾಗಿದ್ದದ್ದು ಹುಣಸೂರಿನಲ್ಲೇ ಇದ್ದ ಮೇಲಧಿಕಾರಿ ನೀಲಕಂಠಸ್ವಾಮಿ ಸಾಹೇಬರ ಒಂದು ಹಸಿರು ಶಾಯಿಯ ಸಹಿ, ಅದೂ ಭಾನುವಾರ ಮುಗಿಯುವುದರೊಳಗೆ. ಅದು ತೊಂಬತ್ತೆಂಟನೇ ಇಸವಿ. ವರ್ಗಾವಣೆಯ ಗಡುವು ಮೇ ಮೂವತ್ತೊಂದಕ್ಕೆ ಮುಗಿಯುತ್ತಿತ್ತು, ಮೂವತ್ತೊಂದು ಭಾನುವಾರವೇ ಬಿದ್ದಿತ್ತು. ಅದು ತಪ್ಪಿದರೆ ಮತ್ತೆ ಮುಂದಿನ ಮೇ ತಿಂಗಳು.

ಫೈಲು ಹಿಡಿದು ಸಾಹೇಬರ ಕ್ವಾರ್ಟರ್ಸಿಗೆ ಹೋದಾಗ ಅವರು ಅಂಗಳದಲ್ಲಿ ಕೆಂಪು ಕಾರಿನ ಮುಂದೆ ಸೂತಕದ ಮುಖ ಮಾಡಿಕೊಂಡು ನಿಂತಿದ್ದರು. ಕಾರು ಶನಿವಾರಸಂತೆ ಕಡೆ ಕಾಫಿ ತೋಟವಿದ್ದ ಮಾವನ ಮನೆಯದು, ವಿದೇಶದಿಂದ ಬಂದದ್ದು. ಗುಂಡಿ ಒತ್ತಿದರೆ ಮೇಲಿನ ಹೊದಿಕೆ ಮಡಚಿಕೊಂಡು ಹಿಂದಕ್ಕೆ ಹೋಗಿ ಕಾರು ಬಟ್ಟಬಯಲಾಗುತ್ತಿತ್ತು. ಸಾಹೇಬರ ಕೈಯಲ್ಲಿ ಎರಡೂವರೆ ಮೊಳ ಅಗಲದ ಒಂದು ಚೌಕಟ್ಟು, ಅದರಲ್ಲಿ ಚಿಂದಿಯಾದ ಕಪ್ಪು ಬಲೆ.

"ಇದನ್ನ ಮುಂದಿನ ಸೀಟುಗಳ ಬೆನ್ನಿಗೆ ನಿಲ್ಲಿಸ್ತಾರೆ ಕಣ್ರೀ. ಹಿಂದಿನಿಂದ ಸುಳಿದು ಬರೋ ಗಾಳೀನ ತಡೆಯುತ್ತೆ. ಇದು ಹರಿದ ಮೇಲೆ ಕುಶಾಲನಗರಕ್ಕೆ ಹೋಗಿದ್ವಿ. ಮನೆಗೆ ಬಂದು ಮೇಡಂ ಎರಡು ದಿನ ತಲೆ ಬಾಚಿದ್ರು. ಇನ್ನು ಈ ಕಾರು ಹತ್ತಲ್ಲ ಅಂದುಬಿಟ್ಟಿದ್ದಾರೆ. ನಾಳೆ ನಮ್ಮ ಮದುವೆ ಆದ ದಿನ. ಬೆಟ್ಟದಪುರದ ಕಡೆ ಒಂದು ಡ್ರೈವ್ ಹೋಗೋಣ ಅಂತಿದ್ದೆ. ಬೆಂಗಳೂರಲ್ಲಿ ಕೇಳಿದ್ರೂ ಇದು ಸಿಗಲ್ವಂತೆ."

"ಅಯ್ಯೋ, ಅಷ್ಟೇ ತಾನೇ ಸಾರ್? ನಮ್ಮನೇಲೇ ಹೊಲಿಗೆ ಮಿಷನ್ ಇದೆ. ಕೊಡಿ ಇಲ್ಲಿ," ಎಂದ ಕನಕರಾಜು. ಅವನ ಕೈಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ.

ಸಾಹೇಬರ ಮುಖ ಅರಳಿತು. "ಹೌದಾ? ಹಾಗಾದ್ರೆ ನಾಳೆ ಐದು ಗಂಟೆಗೆ ನಿಮ್ಮ ಮನೆ ಹತ್ರಾನೇ ಬರ್ತೀನಿ. ಆ ಫೈಲೂ ಇಟ್ಕೊಂಡಿರಿ, ಅಲ್ಲೇ ಸಹಿ ಮಾಡ್ತೀನಿ."

ಸಹಿ ಮಾಡಬೇಕಾದರೆ ಬಲೆ ಸರಿಯಾಗಬೇಕು ಎಂದು ಸಾಹೇಬರು ಹೇಳಲಿಲ್ಲ. ಆರು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಚೌಕಟ್ಟನ್ನು ನಡುಮನೆಯಲ್ಲಿ ಇಟ್ಟಾಗ ಹೆಂಡತಿ ಪ್ರಮೀಳಾ ಮಿಷನ್ ಮುಂದಿನಿಂದ ಕತ್ತೆತ್ತಿ ನೋಡಿದಳು. ಅವಳ ಸುತ್ತ ರವಿಕೆ ತುಂಡುಗಳು ಹರಡಿಕೊಂಡಿದ್ದವು.

"ನಾಳೆ ಮದುವೆ ಮನೆಗೆ ಆರು ಬ್ಲೌಸ್ ಕೊಡ್ಬೇಕು ನಾನು. ನನ್ನ ಕೇಳಿ ಒಪ್ಕೊಂಡ್ರಾ ಇದನ್ನ?"

"ಒಂದು ಅರ್ಧ ಗಂಟೆ ಕೆಲಸ ಕಣೇ."

"ಅರ್ಧ ಗಂಟೆ ಕೆಲಸ ಆದ್ರೆ ನೀವೇ ಮಾಡ್ಕೊಳಿ. ನನ್ನ ಮಿಷನ್ ಮುಟ್ಬೇಡಿ."

ಅವಳು ಒಗ್ಗರಣೆ ಹಾಕಲು ಅಡಿಗೆಮನೆಗೆ ಎದ್ದದ್ದೇ ತಡ, ಕನಕರಾಜು ಮಿಷನ್ ಮುಟ್ಟಿದ. ಬಲೆಯ ಅಂಚಿನ ದಪ್ಪ ಪಟ್ಟಿಯನ್ನು ಸೂಜಿಯ ಕೆಳಗೆ ತೂರಿಸಿ ಪೆಡಲ್ ಒತ್ತಿದ. ಠಣ್ ಎಂದು ಸೂಜಿ ಮುರಿಯಿತು. ಇನ್ನೊಂದು ಹಾಕಿ ಒತ್ತಿದ. ಅದೂ ಮುರಿಯಿತು. ಮೂರನೆಯದು ಡಬ್ಬಿಯಲ್ಲಿ ಇರಲಿಲ್ಲ.

ಒಗ್ಗರಣೆಯ ಚಟಪಟಕ್ಕಿಂತ ಜೋರಾಗಿ ಪ್ರಮೀಳಾಳ ಮಾತು ಬಂತು. ಭಾನುವಾರ ಅಂಗಡಿ ತೆಗೆಯಲ್ಲ, ಆರು ಬ್ಲೌಸಿನಲ್ಲಿ ಎರಡು ಬಾಕಿ, ಮೊಣಕಾಲಲ್ಲಿರುವ ಬುದ್ಧಿ ಎಂದೆಲ್ಲ ಆಯಿತು. ಕನಕರಾಜು ತಲೆ ತಗ್ಗಿಸಿಕೊಂಡು ಮಾರುಕಟ್ಟೆಗೆ ಹೋಗಿ, ಒಬ್ಬ ಟೈಲರನ್ನು ಮನೆಯಿಂದ ಎಬ್ಬಿಸಿ, ಕೈಕಾಲು ಹಿಡಿದು ಎರಡು ಸೂಜಿ ತಂದ. ಬರುವಷ್ಟರಲ್ಲಿ ಹತ್ತು ಗಂಟೆ.

ಬಂದು ನೋಡಿದರೆ ನಡುಮನೆಯಲ್ಲಿ ಬರೀ ಚೌಕಟ್ಟು ಇತ್ತು. ಬಲೆ ಇರಲಿಲ್ಲ.

"ಅವ್ವಾ, ಇಲ್ಲಿದ್ದ ಬಲೆ ಎಲ್ಲಿ?"

ಹಿತ್ತಲಿನಿಂದ ತಾಯಿ ಸಿದ್ದಲಿಂಗಮ್ಮನ ದನಿ ಬಂತು. "ಕೊಳೆ ಇಡ್ದು ಕರ್ರಗಾಗೋಗಿತ್ತು ಕಣಪ್ಪ. ದೊಡ್ಡೋರ ಮನೆ ವಸ್ತ, ಅಂಗೇ ಕೊಟ್ರೆ ಏನಂದ್ಕಂಡಾರು ಅಂತ ಸೋಡಾ ಆಕಿ ಬಿಸ್ನೀರ್ನಾಗೆ ಕುದ್ಸಾಕಿವ್ನಿ."

"ಅವ್ವಾ, ಅದರ ಬಣ್ಣವೇ ಕಪ್ಪು!"

"ಅಂಗಾರೆ ಮೊದ್ಲೇ ಯೋಳ್ಬಾರ್ದಾ?"

ಹಂಡೆಯಲ್ಲಿ ಕೋಲು ಹಾಕಿ ಎತ್ತಿದಾಗ ಬಲೆ ಬರಲಿಲ್ಲ, ದಾರದ ಮುದ್ದೆಯೊಂದು ಬಂತು. ಇಷ್ಟು ಹೊತ್ತು ಸರಿಮಾಡಲು ಹರಿದ ಬಲೆಯಾದರೂ ಇತ್ತು. ಈಗ ಅದೂ ಇಲ್ಲ. ಕನಕರಾಜು ಆ ಮುದ್ದೆಯನ್ನು ಕೈಯಲ್ಲಿ ಹಿಡಿದು ಹಿತ್ತಲ ಕಲ್ಲಿನ ಮೇಲೆ ಕುಸಿದು ಕುಳಿತ. ಅವನಿಗೆ ಅಳಬೇಕೆನಿಸಿತು. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಅವನಲ್ಲಿ ಅಷ್ಟು ಉಳಿದಿರಲಿಲ್ಲ.

"ಏನಪ್ಪಾ ಕನಕರಾಜು, ಎಮ್ಮೆ ಕರ ಸತ್ತೋಯ್ತಾ?"

ಕಾಂಪೌಂಡಿನ ಆಚೆಯಿಂದ ಇಣುಕಿದವನು ಪಕ್ಕದ ಮನೆಯ ಸಣ್ಣಬೀರಯ್ಯ. ತಂಬಾಕು ಮಂಡಿಯಲ್ಲಿ ಮೂವತ್ತು ವರ್ಷ ಬೇಲುಗಳಿಗೆ ಗೋಣಿತಾಟು ಸುತ್ತಿ ಹೊಲಿದು ಈಗ ವಿಶ್ರಾಂತಿಯಲ್ಲಿದ್ದ ಮನುಷ್ಯ. ವಿಶ್ರಾಂತಿಯೆಂದರೆ ಅವನಿಗೆ ಪರರ ಮನೆಯ ಕೆಲಸ. ಕನಕರಾಜು ಎಲ್ಲವನ್ನೂ ಹೇಳಿದ.

"ಗಾಳಿ ತಡೆಯೋಕೆ ಬಲೆಯಾ? ಮೈತುಂಬಾ ತೂತಲ್ಲಪ್ಪ ಅದು! ಜರಡಿ ಅಡ್ಡ ಇಟ್ರೆ ಗಾಳಿ ನಿಂತ್ಕತ್ತದಾ?"

"ಬಲೆಯೇ ಇತ್ತು ಸಣ್ಣಬೀರಣ್ಣ. ಸಾಹೇಬ್ರೇ ಹೇಳಿದ್ರು."

"ಸಾಯೇಬ್ರಿಗೆ ಕಾಗ್ದ ಗೊತ್ತು, ಗಾಳಿ ಗೊತ್ತಾ? ನಿಂತ್ಕೊ, ಬಂದೆ."

ಬಂದಾಗ ಅವನ ಕೈಯಲ್ಲಿ ಹೊಸ ಗೋಣಿತಾಟು, ಸುತಳಿ ಉಂಡೆ, ಗೇಣುದ್ದದ ದಬ್ಬಳ. ಬೇಡ ಎನ್ನಲು ಕನಕರಾಜು ಬಾಯಿ ತೆರೆಯುವುದರೊಳಗೆ ನಾಲ್ಕು ಹೊಲಿಗೆ ಬಿದ್ದಿದ್ದವು. ಅರ್ಧ ಗಂಟೆಯಲ್ಲಿ ಚೌಕಟ್ಟಿಗೆ ಗೋಣಿ ನಗಾರಿಯ ಚರ್ಮದ ಹಾಗೆ ಬಿಗಿದು ಕೂತಿತು. ನಿಜ ಹೇಳಬೇಕೆಂದರೆ ಕೆಲಸ ಸೊಗಸಾಗಿತ್ತು. ಕನಕರಾಜುವಿಗೂ ಒಂದು ಗಳಿಗೆ ಜೀವ ಬಂತು.

ಪ್ರಮೀಳಾ ಹೊಸ ಸೂಜಿಗೆ ದಾರ ಹಾಕುತ್ತಾ ಒಮ್ಮೆ ಇತ್ತ ನೋಡಿದಳು. "ಅಲ್ಲಾ, ಹಿಂದೆ ಬರೋ ಲಾರಿ ಸಾಹೇಬ್ರಿಗೆ ಕಾಣೋದು ಬೇಡ್ವಾ?"

ಗಂಡಸರಿಬ್ಬರೂ ಚೌಕಟ್ಟನ್ನು ನೋಡಿದರು. ಲಾರಿ ಹಾಗಿರಲಿ, ಗೋಣಿಯ ಆಚೆ ನಿಂತಿದ್ದ ಸಿದ್ದಲಿಂಗಮ್ಮನೂ ಕಾಣುತ್ತಿರಲಿಲ್ಲ.

"ಬಿಚ್ಚಿಬಿಡಿ ಸಣ್ಣಬೀರಣ್ಣ."

"ಬಿಚ್ಚೋದಾ? ಬೇಲಿನ ಒಲಿಗೆ ಕಣಪ್ಪ ಇದು. ದಾರೀಲಿ ಯಾರೂ ಬಿಚ್ಚಿ ಕದೀಬಾರ್ದು ಅಂತ್ಲೇ ಆಕೋದು. ಎಳೆದಷ್ಟೂ ಬಿಗಿತದೆ."

ಜಗುಲಿಯಲ್ಲಿ ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಕುಯ್ಯುತ್ತಾ ಕೂತವನಿಗೆ ಹನ್ನೆರಡೂವರೆ ಆಯಿತು. ಎರಡು ಬೆರಳು ಕುಯ್ದುಕೊಂಡವು. ಊಟಕ್ಕೆ ಬಾ ಎಂದು ಕರೆಯಲು ಬಂದ ಮಗಳು ರಮ್ಯಾ ಅವನ ಪಕ್ಕ ಕೂತು ಕೇಳಿದಳು, "ಅಪ್ಪಾ, ಇದು ಸರಿಹೋದ್ರೆ ನೀನು ದಿನಾ ಬೆಳಕಿರೋವಾಗ್ಲೇ ಮನೆಗೆ ಬರ್ತೀಯಾ?"

ಬರ್ತೀನಿ ಎಂದ. ಮಗಳು ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿಗೆ ಬಂದಿದ್ದನ್ನು ಅವನು ಬರೀ ಭಾನುವಾರಗಳಲ್ಲೇ ನೋಡಿದ್ದ. ಬ್ಲೇಡನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದ ಹೊಲಿಗೆಗಳನ್ನು ಕುಯ್ದ.

ಬಲೆಯ ದಾರಿ ತೋರಿಸಿದವನು ಎದುರು ಮನೆಯ ಜವರಯ್ಯ. ಊರಾಚೆ ಎರಡೆಕರೆ ತಂಬಾಕು, ಒಂದು ಟ್ರ್ಯಾಕ್ಟರು ಇದ್ದ ರೈತ. ಜಗುಲಿಯಲ್ಲಿ ನಡೆಯುತ್ತಿದ್ದುದನ್ನು ಬೆಳಗಿನಿಂದ ನೋಡಿ ನೋಡಿ ತಡೆಯಲಾರದೆ ದಾಟಿ ಬಂದ.

"ಕನಕಣ್ಣ, ಸಸಿ ಮಡಿಗೆ ಒದ್ಸೋ ನೈಲಾನ್ ಬಲೆ ಐತೆ ನನ್ತಾವ. ಮೊನ್ನೆ ತಾನೇ ಸಸಿ ಕಿತ್ತು ಒಲಕ್ಕೆ ಆಕ್ದೆ, ಬಲೆ ಸುಮ್ನೆ ಬಿದ್ದದೆ. ನೊಣ ತೂರಕಿಲ್ಲ ಅದ್ರಾಗೆ. ಆದ್ರೆ ಬಿಳೀದು."

"ಬಿಳೀದಾದ್ರೆ ಏನು?"

"ಕೆಂಪು ಕಾರಿಗೆ ಬಿಳೀ ಬಲೆನಾ? ಚೆಂದಾಗಿರ್ತದಾ? ಮದುವಣಗಿತ್ತಿ ಮುಸುಕು ಕಂಡಂಗ್ ಕಾಣ್ತದೆ," ಎಂದ ಸಣ್ಣಬೀರಯ್ಯ. "ಒಸಿ ತಡಿ. ನಾನು ಮಾಲೆ ಆಕ್ದಾಗ ಪಂಚೆ ಅದ್ದಿದ್ ಕಪ್ಪು ಬಣ್ಣ ಮಿಕ್ಕದೆ."

ಅಯ್ಯಪ್ಪನ ಹೆಸರಿನ ಬಣ್ಣ ಬಕೆಟ್ಟಿಗೆ ಬಿತ್ತು. ಕೋಲಿನಿಂದ ಅದ್ದಿದರೆ ಪಟ್ಟೆ ಪಟ್ಟೆಯಾಗುತ್ತದೆ, ಕೈಯಿಂದಲೇ ಹಿಸುಕಬೇಕು ಎಂದು ಸಣ್ಣಬೀರಯ್ಯ ಅಪ್ಪಣೆ ಮಾಡಿದ. ಯಾರ ಕೈ ಎಂದು ಕೇಳುವ ಹಾಗಿರಲಿಲ್ಲ. ಕನಕರಾಜು ಮೊಣಕೈವರೆಗೂ ಮುಳುಗಿಸಿ ಹಿಸುಕಿದ. ನೈಲಾನ್ ಬಲೆ ಬಣ್ಣವನ್ನು ಅರೆಮನಸ್ಸಿನಿಂದ ಕುಡಿದು ಮಳೆಮೋಡದ ಬಣ್ಣಕ್ಕೆ ಬಂದು ನಿಂತಿತು. ಅದು ಕುಡಿಯದೆ ಬಿಟ್ಟಿದ್ದನ್ನೆಲ್ಲ ಕನಕರಾಜುವಿನ ಕೈಗಳು ಕುಡಿದವು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು ಯಾವುದಕ್ಕೂ ಅದು ಜಗ್ಗಲಿಲ್ಲ.

ಬಿಸಿಲಿಗೆ ಹಾಕಿ ಒಣಗಿಸಿದ್ದಾಯಿತು. ಎರಡು ಬ್ಲೌಸ್ ಮುಗಿಸಿದ ಪ್ರಮೀಳಾ, ಗಂಡನ ಕೈಗಳನ್ನು ನೋಡಿ ಕರಗಿದಳೋ ಅಥವಾ ಇನ್ನೆರಡು ಸೂಜಿ ಹೋದಾವೆಂದು ಹೆದರಿದಳೋ, ಬಲೆಯ ಸುತ್ತ ತಾನೇ ಪಟ್ಟಿ ಹೊಲಿದುಕೊಟ್ಟಳು. ಸಣ್ಣಬೀರಯ್ಯ ಅದನ್ನು ಚೌಕಟ್ಟಿಗೆ ಬಿಗಿದ. ಈ ಸಲ ಬಿಚ್ಚುವ ಮಾತು ಯಾರೂ ಎತ್ತಬಾರದೆಂದು ಮೊದಲೇ ಆಣೆ ಹಾಕಿಸಿಕೊಂಡ. ಮೂರೂಮುಕ್ಕಾಲಿಗೆ ಗಾಳಿಬಲೆ ಸಿದ್ಧವಾಯಿತು.

"ಈಗ ನೋಡ್ಬೇಕು, ಗಾಳಿ ತಡೀತದಾ ಇಲ್ವಾ ಅಂತ," ಎಂದ ಜವರಯ್ಯ.

"ಕಾರಿಲ್ವಲ್ಲ," ಎಂದ ಕನಕರಾಜು. ಅವನಿಗೆ ಬೇಕಾಗಿದ್ದದ್ದು ಒಂದು ಚಾಪೆ, ಒಂದು ದಿಂಬು.

"ಟ್ಯಾಕ್ಟ್ರು ಐತಲ್ಲ!"

ಹತ್ತು ನಿಮಿಷದಲ್ಲಿ ಟ್ರೇಲರಿನ ನಡುವೆ ಒಂದು ಮರದ ಕುರ್ಚಿ ಬಂತು. ಕುರ್ಚಿಯ ಬೆನ್ನಿಗೆ ಗಾಳಿಬಲೆ ಕಟ್ಟಿದರು. ಕುರ್ಚಿಯಲ್ಲಿ ಕನಕರಾಜುವನ್ನು ಕೂರಿಸಿದರು. ಅವನ ತಲೆಯಲ್ಲಿ ಕೂದಲು ಇಲ್ಲದ್ದರಿಂದ ಗಾಳಿ ಬಂದದ್ದು ಗೊತ್ತಾಗುವುದಿಲ್ಲವೆಂದು ಸಣ್ಣಬೀರಯ್ಯ ಅವನ ಕೈಗೆ ಹೊತ್ತಿಸಿದ ನಾಲ್ಕು ಊದುಬತ್ತಿ ಕೊಟ್ಟ. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಬಲೆ ಪಾಸು.

ಟ್ರ್ಯಾಕ್ಟರು ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಬೆನ್ನ ಹಿಂದೆ ಪ್ರಭಾವಳಿಯಂತೆ ಬಲೆ, ಕೈಯಲ್ಲಿ ಊದುಬತ್ತಿ, ಮೊಣಕೈವರೆಗೆ ಕಪ್ಪು ಬಣ್ಣ, ನಿದ್ದೆಯಿಲ್ಲದೆ ಅರೆಮುಚ್ಚಿದ ಕಣ್ಣು. ಬಸ್ ಸ್ಟ್ಯಾಂಡಿನ ಹತ್ತಿರ ಬುಟ್ಟಿ ಹೊತ್ತು ನಿಂತಿದ್ದ ಮುದುಕಿಯೊಬ್ಬಳು ಬುಟ್ಟಿ ಇಳಿಸಿ ಕೈಮುಗಿದಳು. ಟೀ ಅಂಗಡಿಯಲ್ಲಿ ಕೂತಿದ್ದವರು ಲೋಟ ಹಿಡಿದೇ ಎದ್ದು ನಿಂತರು. ಕನಕರಾಜು ನಾಚಿಕೆಯನ್ನು ಎಲ್ಲೋ ಬೆಳಗಿನ ಹೊತ್ತೇ ಕಳೆದುಕೊಂಡಿದ್ದ. ಯಾರಿಗೆ ಬೇಕಾದರೂ ಕಾಣಲಿ, ನಾಳೆ ಆರೂವರೆಯ ಬಸ್ಸು ತಪ್ಪಿದರೆ ಸಾಕು ಎಂದುಕೊಂಡು ಕೂತ.

ಹೊಗೆ ನೆಟ್ಟಗೆ ಹೋಗಲಿಲ್ಲ, ಅವನ ಕಣ್ಣಿಗೇ ಹೋಯಿತು. ಆದರೂ ಸಣ್ಣಬೀರಯ್ಯ ಟ್ರೇಲರಿನ ಮೂಲೆಯಲ್ಲಿ ನಿಂತು, "ಪಾಸು! ಪಾಸು!" ಎಂದು ಕೂಗಿದ.

ಸರಿಯಾಗಿ ಐದು ಗಂಟೆಗೆ ಕೆಂಪು ಕಾರು ಬೀದಿಗೆ ಬಂತು. ಮಕ್ಕಳು, ಮರಿ, ಅಕ್ಕಪಕ್ಕದವರೆಲ್ಲ ಸೇರಿದರು. ಸಾಹೇಬರ ಪಕ್ಕದಲ್ಲಿ ಮೇಡಂ ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು, ಇದೆಲ್ಲ ನಂಬುವ ಮಾತಲ್ಲ ಎನ್ನುವ ಮುಖದಲ್ಲಿ ಕೂತಿದ್ದರು. ಸಾಹೇಬರು ಚೌಕಟ್ಟನ್ನು ತಿರುಗಿಸಿ ನೋಡಿದರು, ಬಲೆಯನ್ನು ಬೆರಳಿನಿಂದ ಬಾರಿಸಿದರು.

"ಗ್ರೇ ಕಲರ್! ಫಾರಿನ್‌ದಕ್ಕಿಂತ ಚೆನ್ನಾಗಿದೆ ಕಣ್ರೀ. ಯಾರು ಹೊಲಿದಿದ್ದು?"

"ನಾವೇ ಬುದ್ಧಿ," ಎಂದ ಸಣ್ಣಬೀರಯ್ಯ, ಮುಂದೆ ಬಂದು.

ಮುಂದಿನ ಸೀಟುಗಳ ಬೆನ್ನಿಗೆ ಬಲೆ ಟಕ್ಕನೆ ಕೂತಿತು. ಅದರ ಹಿಂದೆ ಇನ್ನೊಂದು ಕಿರಿದಾದ ಸೀಟು ಇತ್ತು, ಮನುಷ್ಯರು ಕೂರಲಾಗದಷ್ಟು ಕಿರಿದು. ಸಾಹೇಬರು ಕೈ ಚಾಚಿದರು. "ಎಲ್ಲಿ, ಫೈಲು ತನ್ನಿ."

ಕಪ್ಪು ಕೈಯಿಂದ ಮುಟ್ಟಿ ಬೆಂಗಳೂರಿನ ಪತ್ರಕ್ಕೆ ಮಸಿ ಹತ್ತಿಸಬಾರದೆಂದು ಕನಕರಾಜು ಫೈಲನ್ನು ಪ್ರಮೀಳಾಳ ಕೈಯಲ್ಲೇ ತರಿಸಿದ. ಅವಳು ಅದನ್ನು ಕಾರಿನ ಬಾನೆಟ್ಟಿನ ಮೇಲೆ ಲಾಡಿ ಬಿಚ್ಚಿ ಹರಡಿದಳು. ಸಾಹೇಬರು ಪೆನ್ನು ತೆಗೆದು ಹಸಿರು ಶಾಯಿಯಲ್ಲಿ ಉದ್ದಕ್ಕೆ ಸಹಿ ಎಳೆದರು. ಆರು ವರ್ಷ, ಸಾವಿರಗಟ್ಟಲೆ ಬಸ್ಸು, ಎಲ್ಲ ಆ ಒಂದು ಗೆರೆಯಲ್ಲಿ ಮುಗಿಯಿತು. ಕನಕರಾಜುವಿನ ಕಣ್ಣು ತುಂಬಿತು, ಒರೆಸಿಕೊಂಡು ಮುಖಕ್ಕೂ ಕಪ್ಪು ಮಾಡಿಕೊಂಡ.

"ಆದೇಶಕ್ಕೆ ಇವತ್ತಿನ ತಾರೀಕಲ್ಲೇ ನಂಬರು ಬೀಳಬೇಕು. ನಂಬರು ಹಾಕೋ ಗುಮಾಸ್ತ ಚಿಕ್ಕಣ್ಣನ್ನ ಆಫೀಸಲ್ಲಿ ಕೂರಿಸಿ ಬಂದಿದ್ದೀನಿ. ಹೊಳೆ ಆಚೆ ಒಂದು ರೌಂಡ್ ಹೊಡ್ಕೊಂಡು ಬಂದು ಅವನ ಕೈಗೆ ಕೊಟ್ಟು, ಬೆಟ್ಟದಪುರಕ್ಕೆ ಹೊರಡ್ತೀವಿ. ಫೈಲು ಕಾರಲ್ಲಿಡಿ," ಎಂದರು ಸಾಹೇಬರು.

ಪ್ರಮೀಳಾ ಲಾಡಿ ಕಟ್ಟಲು ಹೋದಳು.

"ಕಟ್ಬೇಡ, ಕಟ್ಬೇಡ! ಶಾಯಿ ಹಸಿ ಇದೆ, ಮೆತ್ಕೊಳ್ಳುತ್ತೆ!" ಎಂದು ಕೂಗಿದ ಕನಕರಾಜು. ಹಸಿ ಸಹಿಯ ಮೇಲೆ ಫೈಲು ಮುಚ್ಚುವುದು ಗುಮಾಸ್ತನ ಕೈಯಲ್ಲಿ ಆಗುವ ಕೆಲಸವಲ್ಲ. "ಹಾಗೇ ತೆರೆದೇ ಹಿಂದಿನ ಸೀಟಲ್ಲಿಡು. ಅಲ್ಲಿ ಬಲೆ ಇದೆ, ಭದ್ರವಾಗಿರುತ್ತೆ."

ಫೈಲು ಬಲೆಯ ಹಿಂದೆ, ತೆರೆದ ಸೀಟಿನ ಮೇಲೆ, ಬಾಯಿ ತೆರೆದುಕೊಂಡು ಕೂತಿತು. ಕಾರು ಹೊರಟಿತು. ಬೀದಿಯವರು ಚಪ್ಪಾಳೆ ಹೊಡೆದರು.

ಕನಕರಾಜು ಜಗುಲಿಯ ಮೇಲೆ ಕಾಲು ಚಾಚಿದ. ಸಿದ್ದಲಿಂಗಮ್ಮ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟಳು. ಜವರಯ್ಯ ನಾಳೆಯಿಂದ ಸಾಯಂಕಾಲ ಜೊತೆಯಲ್ಲಿ ಕೂರೋಣವೆಂದ. ಪ್ರಮೀಳಾ ನಗುತ್ತಿದ್ದಳು. ಇಷ್ಟು ಸುಖವಾಗಿ ಅವನು ಆರು ವರ್ಷದಲ್ಲಿ ಒಂದು ಲೋಟ ಕಾಫಿ ಕುಡಿದಿರಲಿಲ್ಲ.

ಅರ್ಧ ಗಂಟೆಯ ಮೇಲೆ ಕಾರು ಮತ್ತೆ ಬೀದಿಗೆ ಬಂದು ನಿಂತಿತು. ಮೇಡಂ ತಲೆಯ ಸ್ಕಾರ್ಫ್ ಬಿಚ್ಚಿದ್ದರು. ಮುಖ ಹೂವಿನಂತಾಗಿತ್ತು.

"ಒಂದು ಕೂದಲೂ ಅಲ್ಲಾಡಲಿಲ್ಲ ಕನಕರಾಜು ಅವ್ರೇ! ಹೊಳೆ ಸೇತುವೆ ಮೇಲೆ ಇವ್ರು ಎಷ್ಟು ಜೋರಾಗಿ ಹೊಡೆದ್ರೂ ಮನೇಲಿ ಕೂತ ಹಾಗೇ ಇತ್ತು!"

ಸಾಹೇಬರು ಮಾತ್ರ ಬಾಗಿಲು ತೆಗೆದು ಇಳಿದು ಬಂದರು. "ರೀ, ಫೈಲು ನೀವೇ ಇಟ್ಕೊಂಡ್ರಾ? ಆಫೀಸಲ್ಲಿ ಚಿಕ್ಕಣ್ಣ ಕೇಳ್ದ. ಹಿಂದೆ ನೋಡಿದ್ರೆ ಇರಲಿಲ್ಲ."

ಕನಕರಾಜು ಲೋಟ ಕೆಳಗಿಟ್ಟು ಕಾರಿನ ಹತ್ತಿರ ಹೋದ. ಹಿಂದಿನ ಸೀಟು ಗುಡಿಸಿಟ್ಟ ಹಾಗೆ ಖಾಲಿಯಾಗಿತ್ತು. ಫೈಲಿನ ಕೆಂಪು ಲಾಡಿಯೊಂದು ಮಾತ್ರ ಚೌಕಟ್ಟಿನ ಮೂಲೆಗೆ ಸಿಕ್ಕಿಹಾಕಿಕೊಂಡು ಜೋತಾಡುತ್ತಿತ್ತು.

"ಇಲ್ಲೇ... ಬಲೆ ಹಿಂದೆ ಇಟ್ಟಿದ್ವಿ ಸಾರ್."

"ಅಯ್ಯೋ, ಬಲೆ ಗಾಳಿ ತಡೆಯೋದು ಮುಂದೆ ಕೂತೋರಿಗೆ ಕಣ್ರೀ! ಅದರ ಹಿಂದೆ ಇರೋದಕ್ಕೆಲ್ಲ ಗಾಳಿ ಹೊಡೆದೇ ಹೊಡೆಯುತ್ತೆ!"

ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಸೇತುವೆ ಮೇಲೆ ಕನ್ನಡೀಲಿ ಬೆಳ್ಳಗೆ ಏನೋ ಹಾರಿ ಹೊಳೆಗೆ ಇಳೀತು ಅಂದ್ನಲ್ರೀ ನಾನು. ಬೆಳ್ಳಕ್ಕಿ ಹಿಂಡು ಅಂತ ನಿಮಗೂ ತೋರಿಸ್ದೆ. ಎಷ್ಟು ಚೆಂದ ಇತ್ತು!"

ಜವರಯ್ಯ ಟ್ರ್ಯಾಕ್ಟರು ತೆಗೆಯಲೇ ಎಂಬಂತೆ ಎದ್ದು ನಿಂತು, ಹೊಳೆಯ ನೀರನ್ನು ನೆನೆದು ಮತ್ತೆ ಕೂತ.

"ಇನ್ನೊಂದು ಸಲ ಟೈಪ್ ಮಾಡಿಸಿ ಸಹಿ ಹಾಕೋಕಾಗಲ್ವಾ ಸಾರ್?" ಕನಕರಾಜುವಿನ ದನಿ ಅವನಿಗೇ ಕೇಳಿಸಲಿಲ್ಲ.

"ಬೆಂಗಳೂರಿನ ಪತ್ರದ ಮೂಲಪ್ರತಿ ಅದರಲ್ಲೇ ಇತ್ತಲ್ರೀ. ಅದಿಲ್ಲದೆ ಸಹಿ ಹಾಕಿದ್ರೆ ಸರಗೂರಿಗೆ ನಾನೇ ಹೋಗ್ಬೇಕಾಗುತ್ತೆ. ಅದು ಇನ್ನೊಂದು ಬರೋಷ್ಟರಲ್ಲಿ ಗಡುವು ಮುಗಿದಿರುತ್ತೆ." ಸಾಹೇಬರಿಗೆ ನಿಜವಾಗಿಯೂ ಬೇಸರವಾಗಿತ್ತು. ಕನಕರಾಜುವಿನ ಭುಜ ತಟ್ಟಿದರು. "ನಮಗೆ ಗೊತ್ತೇ ಆಗಲಿಲ್ಲ ನೋಡಿ. ಒಂದಿಷ್ಟು ಗಾಳಿ ಮುಂದೆ ಬಂದಿದ್ರೂ ತಿರುಗಿ ನೋಡ್ತಿದ್ವಿ. ನಿಮ್ಮ ಕೆಲಸ ಅಷ್ಟು ಚೆನ್ನಾಗಿದೆ. ಯೋಚನೆ ಮಾಡ್ಬೇಡಿ, ಮುಂದಿನ ಮೇ ತಿಂಗಳು ಮೊದಲನೇ ಹೆಸರು ನಿಮ್ಮದೇ."

ಕಾರು ಹತ್ತಿ ಕೂತವರು ಬಲೆಯನ್ನು ಇನ್ನೊಮ್ಮೆ ಬೆರಳಿನಿಂದ ಬಾರಿಸಿ, ಕುತ್ತಿಗೆ ಹೊರಗೆ ಹಾಕಿ ಕೇಳಿದರು.

"ಅಲ್ಲೀವರೆಗೂ ಇದು ಬಾಳಿಕೆ ಬರುತ್ತೆ ತಾನೇ?"

ಉತ್ತರ ಕನಕರಾಜುವಿನ ಬೆನ್ನ ಹಿಂದಿನಿಂದ ಬಂತು. ಸಣ್ಣಬೀರಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಹೆಮ್ಮೆಯಿಂದ ಹೇಳಿದ.

"ಒಂದ್ ವರ್ಸಾನಾ? ಅತ್ತು ವರ್ಸ ಒಂದ್ ದಾರ ಅಳ್ಳಾಡಕಿಲ್ಲ ಬುಡಿ ಬುದ್ಧಿ. ನೀವು ದಿನಾ ಓಡಾಡ್ಕಳಿ!"